ಶಾಖ ಸಂಸ್ಕರಣೆಯ ನಂತರವೂ ಹಾರುಬೂದಿಯಲ್ಲಿ ಡಯಾಕ್ಸಿನ್ ಉಳಿದರೆ: ದೋಷ ನಿವಾರಣೆ ಕೈಪಿಡಿ

ಮನೆಗಳ ಕಸ ಸುಡುವ ಸ್ಥಾವರದ ಹಾರುಬೂದಿಯನ್ನು ಆಮ್ಲಜನಕ ತೀರಾ ಕಡಿಮೆ ಇರುವ ವಾತಾವರಣದಲ್ಲಿ 350ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅದರಲ್ಲಿರುವ ಡಯಾಕ್ಸಿನ್ ಎಂಬ ವಿಷಕಾರಿ ಅಣುಗಳ ಕ್ಲೋರಿನ್ ಕಳಚುವ ಘಟಕಗಳಿವೆ. ಅಂಥ ಘಟಕಗಳಲ್ಲಿ ಎದುರಾಗುವ ಒಂದೇ ಒಂದು ದೋಷವನ್ನು ಈ ಕೈಪಿಡಿ ಎತ್ತಿಕೊಂಡಿದೆ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಉಷ್ಣತೆ, ಬೂದಿಯ ಹರಿವು, ಗಾಳಿಯನ್ನು ದೂರವಿಡಲು ಬಿಡುವ ಸಾರಜನಕದ ಹರಿವು ಎಲ್ಲವೂ ನಿಗದಿತ ಮಟ್ಟದಲ್ಲೇ ಇವೆ. ಆದರೆ ಪ್ರಯೋಗಾಲಯದಿಂದ ಬಂದ ವರದಿಯಲ್ಲಿ ಸಂಸ್ಕರಿಸಿದ ಬೂದಿಯ ಡಯಾಕ್ಸಿನ್ ಪ್ರಮಾಣ ಮಿತಿ ದಾಟಿದೆ. ಇಂಥ ಘಟಕಗಳು ಹೆಚ್ಚಾಗಿ ಬಳಕೆಗೆ ಬಂದಿರುವ ಜಪಾನಿನಲ್ಲಿ ಈ ಮಿತಿ ಪ್ರತಿ ಗ್ರಾಂ ಬೂದಿಗೆ 3 ನ್ಯಾನೊಗ್ರಾಂ ಟಿಇಕ್ಯೂ. ಡಯಾಕ್ಸಿನ್ ಕುಟುಂಬದ ಒಂದೊಂದು ಅಣುವಿನ ವಿಷವನ್ನೂ ಆ ಕುಟುಂಬದ ಅತ್ಯಂತ ವಿಷಕಾರಿ ಅಣುವಿಗೆ ಹೋಲಿಸಿ, ತೂಕ ಹಾಕಿ ಕೂಡಿದಾಗ ಬರುವ ಮೊತ್ತವೇ ಟಿಇಕ್ಯೂ.

ಮೊದಲೇ ಹೇಳಬೇಕಾದ ಮಾತು ಒಂದಿದೆ. ವರದಿ ಕೈಗೆ ಬಂದ ಕೂಡಲೇ ಉಷ್ಣತೆಯನ್ನು ಏರಿಸಬೇಡಿ. ಹತ್ತರಲ್ಲಿ ಒಂಬತ್ತು ಮಂದಿ ಮೊದಲು ಕೈಹಾಕುವುದು ಅಲ್ಲಿಗೇ, ಮತ್ತು ದೋಷದ ಸುಳಿವು ಅಳಿಸಿಹೋಗುವುದೂ ಅದರಿಂದಲೇ. ಜಪಾನಿನ ಒಂದು ಘಟಕದಲ್ಲಿ ನಾನು ಪಾಳಿಯ ಹೊಣೆ ಹೊತ್ತಿದ್ದಾಗ ಇದನ್ನೇ ಮಾಡಿದೆ. ವರದಿ ಮಿತಿ ಮೀರಿ ಬಂತು. ನಾನು 30 ಡಿಗ್ರಿ ಏರಿಸಿದೆ. ಮುಂದಿನ ಮಾದರಿ ಇನ್ನೂ ಕೆಟ್ಟದಾಗಿ ಬಂತು. ಕಾರಣ ಉಷ್ಣತೆಯಲ್ಲಿರಲಿಲ್ಲ. ಬೂದಿ ಹೊರಬರುವ ಕಡೆಯ ರೋಟರಿ ವಾಲ್ವಿನ ರೆಕ್ಕೆಗಳು ಸವೆದು, ಆ ಸಂದಿನಿಂದ ಬೂದಿ ಕಾಯಿಸುವ ಡ್ರಮ್ಮಿನೊಳಗೆ ಗಾಳಿ ನುಗ್ಗುತ್ತಿತ್ತು. ಅದನ್ನು ಕಂಡುಹಿಡಿಯಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳನ್ನು ಇನ್ನೊಬ್ಬರು ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಇದು ಯಾವ ಬೂದಿ

ಕನ್ನಡದಲ್ಲಿ ಹಾರುಬೂದಿ ಎಂದರೆ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯೂ ಅದು ಸೇರುವ ಇಟ್ಟಿಗೆ, ಸಿಮೆಂಟುಗಳೂ ನೆನಪಾಗುವುದು ಸಹಜ. ಕಸದ ಹಾರುಬೂದಿ ಅದಲ್ಲ, ಅದರ ಹಾಗೆ ಬಳಸತಕ್ಕದ್ದೂ ಅಲ್ಲ. ಹೊಗೆಯಲ್ಲಿನ ಆಮ್ಲವನ್ನು ಹೀರಲು ಊದಿದ ಸುಣ್ಣ, ಅದು ಕ್ಲೋರಿನ್ ಜತೆ ಸೇರಿ ಆದ ಕ್ಯಾಲ್ಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಜಾತಿಯ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು, ಸತು, ಸೀಸ, ಕ್ಯಾಡ್ಮಿಯಂ, ತಾಮ್ರ, ಸುಟ್ಟು ಮುಗಿಯದ ಇಂಗಾಲ, ಇವೆಲ್ಲದರ ಮೈಗೆ ಅಂಟಿಕೊಂಡ ಡಯಾಕ್ಸಿನ್: ಹೊಗೆಯ ಧೂಳು ಹಿಡಿಯುವ ಬ್ಯಾಗ್ ಫಿಲ್ಟರಿನ ಕೆಳಗೆ ಬೀಳುವ ಬೂದಿ ಎಂದರೆ ಇದು. ಮುಟ್ಟಿದರೆ ಗೋಧಿ ಹಿಟ್ಟಿಗಿಂತ ನಯ. ಮಳೆಗಾಲದಲ್ಲಿ ಒಂದು ತಾಸು ತೆರೆದಿಟ್ಟರೆ ಗಾಳಿಯ ತೇವ ಹೀರಿ, ಒದ್ದೆಯಾದ ಬೆಲ್ಲದಂತೆ ಮುದ್ದೆಗಟ್ಟುತ್ತದೆ. ಬಿಡದಿಯಲ್ಲಿ 11.5 ಮೆಗಾವ್ಯಾಟ್ ಸಾಮರ್ಥ್ಯದ, ಕಸದಿಂದ ವಿದ್ಯುತ್ ತಯಾರಿಸುವ ಸ್ಥಾವರ ಬಂದಿರುವುದರಿಂದ ಕರ್ನಾಟಕದ ತಂತ್ರಜ್ಞರಿಗೂ ಈ ಎರಡು ಬೂದಿಗಳ ವ್ಯತ್ಯಾಸ ಚೆನ್ನಾಗಿ ಪರಿಚಿತವಾಗಿರಬೇಕು.

ದೋಷ ಎಲ್ಲಿ ಹುಟ್ಟುತ್ತದೆ

ಕಸ ಸುಡುವ ಸ್ಥಾವರಗಳ ಹಾರುಬೂದಿಯಲ್ಲಿ ಡಯಾಕ್ಸಿನ್ ಇರುವುದು 1977ರಲ್ಲಿ ನೆದರ್ಲೆಂಡ್ಸ್‌ನ ಸ್ಥಾವರಗಳ ಬೂದಿಯನ್ನು ಪರೀಕ್ಷಿಸಿದಾಗ ಬೆಳಕಿಗೆ ಬಂತು. ಕುಲುಮೆಯ 850 ಡಿಗ್ರಿಯಲ್ಲಿ ನಾಶವಾಗಬೇಕಾದ ಅಣುಗಳು ಬೂದಿಯಲ್ಲಿ ಹೇಗೆ ಉಳಿದವು ಎಂಬ ಪ್ರಶ್ನೆಗೆ 1980ರ ದಶಕದ ನಡುವೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ವೋಗ್ ಮತ್ತು ಸ್ಟೀಗ್ಲಿಟ್ಜ್ ಉತ್ತರ ಕೊಟ್ಟರು. ಹೊಗೆ ತಣ್ಣಗಾಗುತ್ತ ಬರುವಾಗ, ಸುಮಾರು 250ರಿಂದ 400 ಡಿಗ್ರಿಗಳ ನಡುವೆ, ಬೂದಿಯಲ್ಲಿನ ಇಂಗಾಲ, ಕ್ಲೋರಿನ್ ಮತ್ತು ಗಾಳಿಯ ಆಮ್ಲಜನಕ ಸೇರಿ ತಾಮ್ರದ ಸಹಾಯದಿಂದ ಡಯಾಕ್ಸಿನ್ ಹೊಸದಾಗಿ ಕಟ್ಟಿಕೊಳ್ಳುತ್ತದೆ. 300 ಡಿಗ್ರಿಯ ಆಸುಪಾಸಿನಲ್ಲಿ ಈ ಕಟ್ಟೋಣ ಅತ್ಯಂತ ಜೋರು. ಅದೇ ಕಾಲದಲ್ಲಿ, 1987ರಲ್ಲಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಹಾಗೆನ್‌ಮಾಯರ್ ಮತ್ತು ಸಂಗಡಿಗರು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಆಮ್ಲಜನಕ ಸಾಲದ ವಾತಾವರಣದಲ್ಲಿ ಅದೇ ಬೂದಿಯನ್ನು ಅದೇ ಉಷ್ಣತೆಯಲ್ಲಿ ಕಾಯಿಸಿದರೆ ಅದೇ ತಾಮ್ರ ಡಯಾಕ್ಸಿನ್‌ನ ಕ್ಲೋರಿನ್ ಕಳಚಿ ಹಾಕುತ್ತದೆ.

ಕಟ್ಟುವುದೂ ಕೆಡವುವುದೂ ಒಂದೇ ಉಷ್ಣತೆಯಲ್ಲಿ, ಒಂದೇ ಲೋಹದ ಕೈಯಿಂದ ಆಗುವ ಕೆಲಸ. ಯಾವುದು ಗೆಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಆಮ್ಲಜನಕ. ಆದ್ದರಿಂದ ಗಾಳಿ ಸೋರುತ್ತಿರುವ ಡ್ರಮ್ಮಿನ ಉಷ್ಣತೆಯನ್ನು ಏರಿಸಿದರೆ ಕೆಡವುವ ಕೆಲಸಕ್ಕೆ ಬಲ ಬಂದಂತಾಗುವುದಿಲ್ಲ. ಹಾಗೆನ್‌ಮಾಯರ್ ವಿಧಾನದ ಷರತ್ತುಗಳು ನಾಲ್ಕೇ: ಆಮ್ಲಜನಕದ ಕೊರತೆ, ಸಾಕಷ್ಟು ಉಷ್ಣತೆ, ಸಾಮಾನ್ಯವಾಗಿ ಒಂದು ತಾಸಿನಷ್ಟು ವಾಸದ ಅವಧಿ (ಬೂದಿ ಡ್ರಮ್ಮಿನೊಳಗೆ ಉಳಿಯುವ ಸಮಯ), ಮತ್ತು ಗಾಳಿಗೆ ತೆರೆದುಕೊಳ್ಳುವ ಮೊದಲೇ ಬೂದಿ 60 ಡಿಗ್ರಿಗಿಂತ ಕೆಳಗೆ ತಣಿಯುವುದು. ಇವುಗಳಲ್ಲಿ ಯಾವುದು ಮುರಿದಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ಯಂತ್ರ ಮುಟ್ಟುವ ಮುನ್ನ ವರದಿಯನ್ನು ಓದಿ

ಬಹಳ ಮಂದಿ ವರದಿಯ ಕೊನೆಯ ಸಾಲಿನ ಟಿಇಕ್ಯೂ ಮೊತ್ತವನ್ನಷ್ಟೇ ನೋಡಿ ಕಡತಕ್ಕೆ ಸೇರಿಸುತ್ತಾರೆ. ಅದರ ಮೇಲಿರುವ ಪಟ್ಟಿಯಲ್ಲಿ ನಾಲ್ಕು ಕ್ಲೋರಿನ್ ಇರುವ ಅಣುಗಳಿಂದ ಎಂಟು ಕ್ಲೋರಿನ್ ಇರುವ ಅಣುಗಳವರೆಗೆ ಪ್ರತಿಯೊಂದು ಗುಂಪಿನ ಪ್ರಮಾಣವನ್ನು ಡಯಾಕ್ಸಿನ್ ಮತ್ತು ಅದರ ಹತ್ತಿರದ ಬಂಧುವಾದ ಫ್ಯೂರಾನ್ ಎಂದು ಬೇರ್ಪಡಿಸಿ ಕೊಟ್ಟಿರುತ್ತಾರೆ. ದೋಷದ ಗುರುತು ಇರುವುದು ಅಲ್ಲಿ. ಸಂಸ್ಕರಣೆಗೆ ಮುನ್ನಿನ ಬೂದಿಯ ವರದಿಯನ್ನೂ ನಂತರದ ಬೂದಿಯ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದು ಗೀರುಕಾಗದದ ಮೇಲೆ ಎರಡರ ಗುಂಪುವಾರು ಕಂಬಚಿತ್ರ ಬರೆದುಕೊಳ್ಳಿ.

ಎಂಟು, ಏಳು ಕ್ಲೋರಿನ್‌ಗಳ ಗುಂಪುಗಳು ಗಣನೀಯವಾಗಿ ಕುಗ್ಗಿ, ನಾಲ್ಕು ಮತ್ತು ಐದು ಕ್ಲೋರಿನ್‌ಗಳ ಗುಂಪುಗಳು ಮಾತ್ರ ಉಳಿದಿದ್ದರೆ ಅಥವಾ ಹೆಚ್ಚಿದ್ದರೆ, ಕ್ಲೋರಿನ್ ಕಳಚುವ ಕೆಲಸ ಶುರುವಾಗಿದೆ, ಆದರೆ ಅರ್ಧದಲ್ಲಿ ನಿಂತಿದೆ. ಬೂದಿಗೆ ನಿಜವಾಗಿ ಸಿಕ್ಕ ಉಷ್ಣತೆ ಸಾಲದು, ಇಲ್ಲವೇ ಸಮಯ ಸಾಲದು. ಇಲ್ಲಿ ಒಂದು ಸೂಕ್ಷ್ಮವಿದೆ. ಎಂಟು ಕ್ಲೋರಿನ್‌ನ ಡಯಾಕ್ಸಿನ್‌ಗೆ ಲೆಕ್ಕದಲ್ಲಿ ಇರುವ ವಿಷದ ತೂಕ 0.0003, ಅದು ನಾಲ್ಕು ನಿರ್ದಿಷ್ಟ ಜಾಗಗಳಲ್ಲಿ ಮಾತ್ರ ಕ್ಲೋರಿನ್ ಉಳಿಸಿಕೊಂಡು 2,3,7,8 ಎಂಬ ರೂಪಕ್ಕೆ ಇಳಿದರೆ ತೂಕ 1. ಅಂದರೆ ಒಟ್ಟು ಡಯಾಕ್ಸಿನ್ ಕಡಿಮೆಯಾಗಿದ್ದರೂ ಅರೆಬೆಂದ ಬೂದಿಯ ಟಿಇಕ್ಯೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದಿಲ್ಲ. ಘಟಕ ಕೆಲಸವನ್ನೇ ಮಾಡುತ್ತಿಲ್ಲವೆಂದು ಈ ವರದಿಯನ್ನು ನೋಡಿ ತೀರ್ಮಾನಿಸುವುದು ತಪ್ಪು.

ಒಟ್ಟು ಪ್ರಮಾಣವೇ ಮೂಲ ಬೂದಿಗಿಂತ ಹೆಚ್ಚಾಗಿದ್ದರೆ, ಅದರಲ್ಲೂ ಫ್ಯೂರಾನ್‌ಗಳು ಡಯಾಕ್ಸಿನ್‌ಗಳನ್ನು ಮೀರಿಸಿ, ಕ್ಲೋರಿನ್ ಹೆಚ್ಚಿರುವ ಗುಂಪುಗಳೂ ಬೆಳೆದಿದ್ದರೆ, ಹೊಸ ಕಟ್ಟೋಣ ನಡೆದಿದೆ. ಎಲ್ಲೋ ಬಿಸಿ ಬೂದಿಗೆ ಗಾಳಿ ಸಿಕ್ಕಿದೆ.

ಇನ್ನು ಮೂರನೆಯ ಚಿತ್ರ: ಗುಂಪುಗಳ ನಡುವಿನ ಅನುಪಾತ ಮೂಲ ಬೂದಿಯದ್ದೇ ಅಚ್ಚು, ಪ್ರಮಾಣ ಮಾತ್ರ ಕಡಿಮೆ. ಇದು ಹಸಿ ಬೂದಿ, ಅಂದರೆ ಇನ್ನೂ ಸಂಸ್ಕರಿಸದ ಬೂದಿ, ಸಂಸ್ಕರಿತ ಬೂದಿಗೆ ಬೆರೆತಿರುವ ಲಕ್ಷಣ. ಲೆಕ್ಕ ಹಾಕಿ ನೋಡಿದರೆ ಇದನ್ನು ಬೇಗ ಒಪ್ಪಬಹುದು ಅಥವಾ ಬಿಡಬಹುದು. ಮೂಲ ಬೂದಿ ಗ್ರಾಂಗೆ 10 ನ್ಯಾನೊಗ್ರಾಂ, ಚೆನ್ನಾಗಿ ಬೆಂದ ಬೂದಿ 0.1 ಇದ್ದರೆ, ಮಿಶ್ರಣ 3 ತಲುಪಲು ಹೆಚ್ಚುಕಡಿಮೆ 29 ಪಾಲು ಹಸಿ ಬೂದಿ ನೂರರಲ್ಲಿ ಸೇರಿರಬೇಕು. ಅಷ್ಟು ಬೆರೆತರೆ ಕಣ್ಣಿಗೇ ಕಾಣುತ್ತದೆ. ಮೂಲ ಬೂದಿ 60 ಇದ್ದರೆ ನೂರಕ್ಕೆ 5 ಪಾಲು ಸಾಕು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಚಿತ್ರಗಳು ದಾರಿ ತೋರಿಸುತ್ತವೆ, ತೀರ್ಪು ಕೊಡುವುದಿಲ್ಲ. ಎರಡು ದೋಷಗಳು ಒಟ್ಟಿಗೆ ಇದ್ದಾಗ ಕಂಬಚಿತ್ರವೂ ಕಲಸಿಹೋಗಿರುತ್ತದೆ. ಜೊತೆಗೆ ಮಾದರಿ ತೆಗೆದ ರೀತಿಯನ್ನು ಕೇಳಿ ತಿಳಿಯಬೇಕು. ಇನ್ನೂ ಬಿಸಿ ಇರುವ ಬೂದಿಯನ್ನು ತೆರೆದ ಚೀಲಕ್ಕೆ ಸುರಿದು ಕಟ್ಟಿಟ್ಟಿದ್ದರೆ ಆ ಚೀಲದಲ್ಲೇ ಡಯಾಕ್ಸಿನ್ ಕಟ್ಟಿಕೊಂಡಿರಬಹುದು. ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ತುಂಬಿ, ಮುಚ್ಚಿದ ಮೇಲೆಯೇ ತಣಿಸಿದ ಮಾದರಿಯನ್ನು ಮಾತ್ರ ನಂಬಿ. ಮೂಲ ಬೂದಿಯ ಮಾದರಿ ತೆಗೆದು, ಬೂದಿ ಡ್ರಮ್ಮು ಮತ್ತು ಕೂಲರ್ ದಾಟುವಷ್ಟು ಹೊತ್ತು ಕಾದು, ನಂತರವೇ ಸಂಸ್ಕರಿತ ಮಾದರಿ ತೆಗೆಯಬೇಕು; ಇಲ್ಲದಿದ್ದರೆ ಹೋಲಿಸುವುದು ಬೇರೆ ಬೇರೆ ದಿನದ ಕಸವನ್ನು.

ಆಮ್ಲಜನಕ: ಮೀಟರನ್ನು ಮೊದಲು ಅನುಮಾನಿಸಿ

ಆಮ್ಲಜನಕದ ಮೀಟರು ಸೊನ್ನೆಯ ಹತ್ತಿರ ತೋರಿಸುತ್ತಿದೆ ಎಂದರೆ ಡ್ರಮ್ಮಿನಲ್ಲಿ ಆಮ್ಲಜನಕ ಇಲ್ಲ ಎಂದೇನೂ ಅಲ್ಲ. ಹೆಚ್ಚಿನ ಘಟಕಗಳಲ್ಲಿ ಇರುವುದು ಜಿರ್ಕೋನಿಯಾ ಸಂವೇದಕ. ಅದರ ಕೋಶ ಕೆಂಪಗೆ ಕಾದಿರುತ್ತದೆ. ಬೂದಿಯಿಂದ ಹೊರಟ ಅನಿಲದಲ್ಲಿ ಇಂಗಾಲದ ಮೊನಾಕ್ಸೈಡ್ ಅಥವಾ ಜಲಜನಕ ಇದ್ದರೆ ಆ ಬಿಸಿ ಕೋಶದ ಮೇಲೆಯೇ ಉರಿದು, ಅಲ್ಲಿದ್ದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀಟರು ಕಡಿಮೆ ತೋರಿಸುತ್ತದೆ. ಎರಡನೆಯದು, ಸಂವೇದಕದ ಜಾಗ. ಸಾರಜನಕ ಒಳಬರುವ ನಳಿಕೆಯ ಪಕ್ಕದಲ್ಲೇ ಅದನ್ನು ಕೂರಿಸಿದ್ದರೆ ಅದು ಅಳೆಯುವುದು ಶುದ್ಧ ಸಾರಜನಕವನ್ನು. ಸೋರಿಕೆ ಇರುವುದು ಡ್ರಮ್ಮಿನ ಇನ್ನೊಂದು ತುದಿಯಲ್ಲಿ. ಮೂರನೆಯದಾಗಿ ಮಾದರಿ ಅನಿಲ ಎಳೆಯುವ ಕೊಳವೆ ಬೂದಿಯಿಂದ ಕಟ್ಟಿ, ಹಳೆಯ ಅನಿಲವನ್ನೇ ತಿರುಗಿ ತಿರುಗಿ ಅಳೆಯುತ್ತಿರಬಹುದು. ಗೊತ್ತಿರುವ ಪ್ರಮಾಣದ ಸಿಲಿಂಡರ್ ಅನಿಲವನ್ನು ಕೊಳವೆಯ ತುದಿಯಿಂದಲೇ, ಅಂದರೆ ಮೀಟರಿನ ಬಾಯಿಗೆ ನೇರವಾಗಿ ಅಲ್ಲದೆ, ಬಿಟ್ಟು ನೋಡಿದರೆ ಇದು ಬಯಲಾಗುತ್ತದೆ.

ಮೀಟರು ಸರಿ ಇದ್ದು, ಆಮ್ಲಜನಕ ನಿಜವಾಗಿಯೂ ಇದ್ದರೆ ಅದು ಬರುವ ದಾರಿಗಳು ಎರಡು. ಒಂದು, ಬೂದಿಯ ಜೊತೆಯಲ್ಲೇ ಬರುತ್ತದೆ. ಸಡಿಲವಾಗಿ ಬಿದ್ದ ಹಾರುಬೂದಿಯ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ಗಾಳಿ. ಘನಮೀಟರಿಗೆ ಅರ್ಧ ಟನ್ ತೂಗುವ ಬೂದಿಯನ್ನು ತಾಸಿಗೆ 300 ಕಿಲೊ ಹಾಕುತ್ತಿದ್ದರೆ ಅದು 0.6 ಘನಮೀಟರು, ಅದರೊಳಗೆ ಸುಮಾರು 0.47 ಘನಮೀಟರು ಗಾಳಿ, ಆ ಗಾಳಿಯಲ್ಲಿ 0.1 ಘನಮೀಟರು ಆಮ್ಲಜನಕ. ತಾಸಿಗೆ 5 ಘನಮೀಟರು ಸಾರಜನಕ ಬಿಡುತ್ತಿದ್ದರೆ, ಬೇರೆ ಯಾವ ಸೋರಿಕೆ ಇಲ್ಲದಿದ್ದರೂ ಆಮ್ಲಜನಕ ನೂರಕ್ಕೆ 1.8ರಷ್ಟು ಇರುತ್ತದೆ, ಬೂದಿಯ ಇಂಗಾಲ ತಿಂದ ಮೇಲೆ ಇನ್ನಷ್ಟು ಕಡಿಮೆ. ಇದನ್ನು ನಿಮ್ಮ ಘಟಕದ ಅಂಕಿಗಳಿಗೆ ಲೆಕ್ಕ ಹಾಕಿಟ್ಟುಕೊಳ್ಳಿ. ಮೀಟರು ಅದಕ್ಕಿಂತ ಬಹಳ ಮೇಲೆ ತೋರಿಸಿದರೆ ಉಳಿದದ್ದು ಎರಡನೆಯ ದಾರಿಯಿಂದ, ಅಂದರೆ ಸೋರಿಕೆಯಿಂದ ಬಂದದ್ದು.

ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆ ಸರಳ. ಬೂದಿ ಹಾಕುವುದನ್ನು ನಿಲ್ಲಿಸಿ, ಡ್ರಮ್ಮಿನ ತಿರುಗಾಟವನ್ನೂ ಕಾವನ್ನೂ ಸಾರಜನಕವನ್ನೂ ಹಾಗೆಯೇ ಬಿಟ್ಟು, ಆಮ್ಲಜನಕದ ಗೆರೆಯನ್ನು ನೋಡುತ್ತ ಕೂರಿ. ಗೆರೆ ನಿಧಾನವಾಗಿ ಇಳಿದು ತಳ ಸೇರಿದರೆ ಆಮ್ಲಜನಕ ಬರುತ್ತಿದ್ದುದು ಬೂದಿಯ ಜೊತೆ. ಬೂದಿ ಒಳಬಿಡುವ ಮೇಲಿನ ಜೋಡಿ ಬಾಗಿಲಿನ, ಅಂದರೆ ಡಬಲ್ ಡ್ಯಾಂಪರಿನ, ನಡುವಿನ ಕೋಣೆಗೆ ಸಾರಜನಕ ಬಿಡುವ ವ್ಯವಸ್ಥೆಯನ್ನು ಪರಿಶೀಲಿಸಿ. ಗೆರೆ ಕದಲದಿದ್ದರೆ ಸೋರಿಕೆ ಇದೆ. ಆಗ ಡ್ರಮ್ಮಿನ ಒತ್ತಡವನ್ನು ಐವತ್ತು ಪಾಸ್ಕಲ್‌ನಷ್ಟು ಏರಿಸಿ ನೋಡಿ. ಆಮ್ಲಜನಕ ತಟ್ಟನೆ ಕುಸಿದರೆ ಸೋರಿಕೆ ಖಚಿತ.

ಒತ್ತಡದ ವಿಷಯದಲ್ಲಿ ಒಂದು ಮಾತು. ಡ್ರಮ್ಮಿನ ಒಳಗೆ ಹೊರಗಿಗಿಂತ ಸ್ವಲ್ಪ ಹೆಚ್ಚು ಒತ್ತಡ ಇದ್ದರೆ ಗಾಳಿ ಒಳಬರುವುದಿಲ್ಲ, ಆದರೆ ಬೂದಿ ಮತ್ತು ಪಾದರಸದ ಆವಿ ಕೆಲಸಗಾರರ ಕಡೆ ಬರುತ್ತದೆ. ಕಡಿಮೆ ಒತ್ತಡ ಇಟ್ಟರೆ ಕೆಲಸಗಾರರು ಕ್ಷೇಮ, ಆದರೆ ಪ್ರತಿಯೊಂದು ಸಂದೂ ಗಾಳಿಯನ್ನು ಹೀರುತ್ತದೆ. ಕಡಿಮೆ ಒತ್ತಡವನ್ನೇ ಇಟ್ಟು ಸೀಲುಗಳನ್ನು ಬಿಗಿ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಸೀಲು ಹಾಳಾಗಿದೆಯೆಂದು ಒತ್ತಡ ಏರಿಸಿ ವರದಿಯನ್ನು ಸರಿಪಡಿಸುವುದು ಬೂದಿಯ ವಿಷವನ್ನು ಮನುಷ್ಯರ ಎದೆಗೆ ಸಾಗಿಸುವುದೇ ಆಗುತ್ತದೆ. ಹೊರಗೆಳೆಯುವ ಫ್ಯಾನಿನ ಹಾದಿಯನ್ನೂ ಬಿಚ್ಚಿ ನೋಡಿ. ಸ್ಥಾವರದಲ್ಲಿ ಸಾರಜನಕದ ಆಕ್ಸೈಡ್ ತಗ್ಗಿಸಲು ಅಮೋನಿಯ ಅಥವಾ ಯೂರಿಯಾ ಬಳಸುತ್ತಿದ್ದರೆ ಅಮೋನಿಯಂ ಕ್ಲೋರೈಡ್ ಬಿಸಿಗೆ ಆವಿಯಾಗಿ, ತಣ್ಣನೆಯ ಕೊಳವೆಯ ಒಳಮೈಗೆ ಬಿಳಿ ಹತ್ತಿಯಂತೆ ಕೂತು ದಾರಿ ಕಟ್ಟುತ್ತದೆ. ಒತ್ತಡ ಅಳೆಯುವ ಸಣ್ಣ ನಳಿಕೆ ಕಟ್ಟಿಕೊಂಡರಂತೂ ಫ್ಯಾನು ಸುಳ್ಳು ಅಂಕಿಯನ್ನು ನಂಬಿ ಅಗತ್ಯಕ್ಕಿಂತ ಜೋರಾಗಿ ಎಳೆಯತೊಡಗುತ್ತದೆ.

ಸೋರುವ ಜಾಗ ಹುಡುಕಲು ಘಟಕವನ್ನು ಆರಿಸಿ, ತಣಿಸಿ, ಒಳಗೆ ಸ್ವಲ್ಪ ಸಾರಜನಕದ ಒತ್ತಡ ಕೊಟ್ಟು ಸಾಬೂನು ನೀರು ಹಚ್ಚುವುದು ಎಲ್ಲರಿಗೂ ಗೊತ್ತಿರುವ ವಿಧಾನ. ತಣ್ಣಗಿದ್ದಾಗ ಒಂದೂ ಗುಳ್ಳೆ ಬಾರದಿರಬಹುದು. ಅಷ್ಟಕ್ಕೇ ಸೀಲು ಸರಿ ಇದೆ ಎನ್ನಬೇಡಿ. ನಾಲ್ಕು ಮೀಟರು ಉದ್ದದ ಉಕ್ಕಿನ ಡ್ರಮ್ಮು 350 ಡಿಗ್ರಿ ಕಾದಾಗ ಸುಮಾರು 17 ಮಿಲಿಮೀಟರು ಹಿಗ್ಗುತ್ತದೆ. ತಣ್ಣಗಿರುವಾಗ ಕೂತಿದ್ದ ಸೀಲಿನ ತುಟಿ ಬಿಸಿಯಲ್ಲಿ ಬೇರೆ ಜಾಗಕ್ಕೆ ಸರಿದು ಬಾಯಿ ಬಿಡುತ್ತದೆ. ಶಾಫ್ಟಿನ ಸುತ್ತ ಸೋರಿಕೆ ತಡೆಯಲು ತುಂಬಿರುವ ಗ್ಲ್ಯಾಂಡ್ ಪ್ಯಾಕಿಂಗ್ ಬಿಚ್ಚಿ ನೋಡಿ: ಗ್ರಾಫೈಟಿನ ಹೊಳೆಯುವ ಕಪ್ಪು ಇರಬೇಕಾದಲ್ಲಿ ಬೂದುಬಣ್ಣದ ಗಟ್ಟಿ ಪುಡಿ ಕೂತಿದ್ದರೆ, ಬೂದಿ ಮತ್ತು ಗಾಳಿ ಅಲ್ಲಿ ಓಡಾಡಿದೆ. ರೋಟರಿ ವಾಲ್ವಿನ ರೆಕ್ಕೆಯ ತುದಿಗೂ ಕವಚಕ್ಕೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಸುತ್ತಲೂ ನಾಲ್ಕು ಕಡೆ ಅಳೆಯಿರಿ, ಒಂದು ಕಡೆ ಅಳೆದರೆ ಸಾಲದು. ನಮ್ಮ ಘಟಕದಲ್ಲಿ ಸವೆದಿದ್ದುದು ಕೆಳಗಿನ ಎಡಭಾಗ ಮಾತ್ರ. ಹಿಂದಿನ ತಪಾಸಣೆಯಲ್ಲಿ ಮೇಲಿನಿಂದ ಅಳೆದು ಸರಿ ಎಂದು ಬರೆದಿದ್ದರು.

ಆಮ್ಲಜನಕದ ಬಗ್ಗೆ ಇನ್ನೊಂದು ಪರೋಕ್ಷ ಸಾಕ್ಷಿ ಇದೆ. ಸುಣ್ಣ ಇರುವ ಬೂದಿಯನ್ನು ಗಾಳಿಯಲ್ಲಿ ಕಾಯಿಸಿದರೆ ಅದರ ಕ್ರೋಮಿಯಂ ಆರು ವೇಲೆನ್ಸಿಯ ರೂಪಕ್ಕೆ ತಿರುಗುತ್ತದೆ, ಅದು ನೀರಿಗೆ ಸುಲಭವಾಗಿ ಇಳಿಯುತ್ತದೆ. ಸೋಸುನೀರಿನ (ಬೂದಿಯನ್ನು ನೀರಿನಲ್ಲಿ ಕಲಕಿ ಸೋಸಿದ ನೀರಿನ) ಪರೀಕ್ಷೆಯಲ್ಲಿ ಈ ಕ್ರೋಮಿಯಂ ಹಿಂದೆಂದೂ ಕಾಣದಷ್ಟು ಏರಿದ್ದರೆ ಅದು ಗಾಳಿಯ ಕಡೆಗೇ ಬೆರಳು ತೋರಿಸುತ್ತದೆ. ಡಯಾಕ್ಸಿನ್ ವರದಿಗೆ ವಾರಗಟ್ಟಲೆ ಕಾಯಬೇಕು. ಇದು ಬೇಗ ಸಿಗುತ್ತದೆ.

ಬೂದಿಗೆ ನಿಜವಾಗಿ ಎಷ್ಟು ಬಿಸಿ ತಾಗಿದೆ

ಆಮ್ಲಜನಕದ ಲೆಕ್ಕ ಚುಕ್ತಾ ಆದ ಮೇಲೆಯೇ ಉಷ್ಣತೆಗೆ ಬನ್ನಿ. ಪರದೆಯ ಮೇಲಿನ ಅಂಕಿ ಎಲ್ಲಿಯದು ಎಂದು ನಕ್ಷೆಯಲ್ಲಿ ನೋಡಬೇಡಿ, ಏಣಿ ಹತ್ತಿ ನೋಡಿ. ಉಷ್ಣತೆ ಅಳೆಯುವ ಥರ್ಮೋಕಪಲ್ ಡ್ರಮ್ಮಿನ ಹೊರಕವಚಕ್ಕೆ ತಾಗಿದ್ದರೆ ಅದು ಹೇಳುವುದು ಉಕ್ಕಿನ ಉಷ್ಣತೆ. ಹಾರುಬೂದಿಯಲ್ಲಿ ಶಾಖ ಹರಿಯುವುದು ಬಹಳ ನಿಧಾನ. ಕವಚ 400 ಇದ್ದಾಗ ಬೂದಿಯ ಒಡಲು ನೂರು ಡಿಗ್ರಿ ಹಿಂದೆ ಉಳಿದಿರಲು ಸಾಧ್ಯ. ಆ 300 ಡಿಗ್ರಿಯೇ, ಗಾಳಿ ಇದ್ದರೆ, ಅತ್ಯಂತ ಅಪಾಯದ ಜಾಗ.

ಒಳಗೋಡೆಗೆ ಬೂದಿ ಹೆಪ್ಪುಗಟ್ಟಿರುವುದನ್ನು ಡ್ರಮ್ಮು ತೆರೆಯದೆ ತಿಳಿಯುವ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಹೀಟರಿನ ವಿದ್ಯುತ್ ಪ್ರವಾಹವನ್ನು ನೋಡಿ. ಕವಚದ ಉಷ್ಣತೆ ಅಷ್ಟೇ ಇದೆ, ಬೂದಿಯ ಹರಿವೂ ಅಷ್ಟೇ ಇದೆ, ಆದರೆ ಹೀಟರು ಎಳೆಯುವ ಆಂಪಿಯರ್ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದಿದೆ ಎಂದಾದರೆ ಸಂತೋಷಪಡಬೇಡಿ. ವಿದ್ಯುತ್ ಉಳಿತಾಯ ಎಂದು ಮಾಸಿಕ ವರದಿಯಲ್ಲಿ ಬರೆದದ್ದನ್ನೂ ಕಂಡಿದ್ದೇನೆ. ನಿಜಸಂಗತಿ ಏನೆಂದರೆ, ಒಳಗೋಡೆಯ ಹೆಪ್ಪು ಕಂಬಳಿಯಂತೆ ಕೂತು ಶಾಖ ಬೂದಿಗೆ ತಲುಪುತ್ತಿಲ್ಲ. ಕವಚ ತನ್ನ ಉಷ್ಣತೆಯನ್ನು ಕಡಿಮೆ ವಿದ್ಯುತ್ತಿನಲ್ಲೇ ಕಾಪಾಡಿಕೊಳ್ಳುತ್ತಿದೆ. ಹೆಪ್ಪಿಗೆ ಕಾರಣ ಹೆಚ್ಚಾಗಿ ಸತುವಿನ ಕ್ಲೋರೈಡ್. ಅದು ಒಂಟಿಯಾಗಿ ಸುಮಾರು 290 ಡಿಗ್ರಿಯಲ್ಲಿ ಕರಗುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ಜೊತೆ ಸೇರಿದರೆ 230ರ ಆಸುಪಾಸಿನಲ್ಲೇ. ಕರಗಿದ ಲವಣ ಬೂದಿಯನ್ನು ಅಂಟಿನಂತೆ ಗೋಡೆಗೆ ಹಿಡಿದಿಡುತ್ತದೆ. ಇಂಥ ಡ್ರಮ್ಮಿನಲ್ಲಿ ಕವಚದ ಉಷ್ಣತೆ ಏರಿಸಿದರೆ ಹೆಪ್ಪು ಇನ್ನೂ ದಪ್ಪವಾಗುತ್ತದೆ.

ಬೂದಿಯೊಳಗೆ ಮುಳುಗಿರಬೇಕಾದ ಥರ್ಮೋಕಪಲ್ಲಿನ ಮೇಲೂ ಲವಣದ ಪದರ ಕೂರುತ್ತದೆ. ಬೂದಿ ಹಾಕುವುದನ್ನು ನಿಲ್ಲಿಸಿದಾಗ ಅದರ ಅಂಕಿ ಹಿಂದಿನಂತೆ ಚುರುಕಾಗಿ ಮೇಲೇರದೆ ಮಂಕಾಗಿ ಹೊರಳಿದರೆ ಅದನ್ನು ತೆಗೆದು ಕೆರೆಯಬೇಕು.

ಒಂದು ತಾಸು ಎಂದರೆ ಒಂದು ತಾಸೇ

ವಾಸದ ಅವಧಿ ಎಂದರೆ ಡ್ರಮ್ಮಿನಲ್ಲಿರುವ ಬೂದಿಯ ತೂಕವನ್ನು ತಾಸಿಗೆ ಹಾಕುವ ತೂಕದಿಂದ ಭಾಗಿಸಿದಷ್ಟು. ಡ್ರಮ್ಮಿನಲ್ಲಿ 0.6 ಘನಮೀಟರು ಬೂದಿ ನಿಲ್ಲುತ್ತದೆ, ಘನಮೀಟರಿಗೆ ಅರ್ಧ ಟನ್ ತೂಕ, ತಾಸಿಗೆ 300 ಕಿಲೊ ಹರಿವು ಎಂದರೆ ಸರಿಯಾಗಿ ಒಂದು ತಾಸು. ಕಸದಲ್ಲಿ ಕಾಗದ, ಪ್ಲಾಸ್ಟಿಕ್ ಹೆಚ್ಚಾಗಿ, ಸುಣ್ಣದ ಬಳಕೆ ಬದಲಾಗಿ, ಬೂದಿ ಹಗುರವಾಗಿ ಘನಮೀಟರಿಗೆ 350 ಕಿಲೊಗೆ ಇಳಿದರೆ ಅದೇ ಡ್ರಮ್ಮಿನಲ್ಲಿ ಹಿಡಿಯುವುದು 210 ಕಿಲೊ. ವಾಸ 42 ನಿಮಿಷ. ಯಾರೂ ಯಾವ ಗುಂಡಿಯನ್ನೂ ಒತ್ತಿಲ್ಲ, ಆದರೆ ಮೂರನೇ ಒಂದು ಪಾಲಿನಷ್ಟು ಸಮಯ ಕಳೆದುಹೋಗಿದೆ. ವಾರಕ್ಕೊಮ್ಮೆ ಒಂದು ಲೀಟರಿನ ಪಾತ್ರೆಯಲ್ಲಿ ಬೂದಿ ತೂಗಿ ಬರೆದಿಡುವ ರೂಢಿ ಇದಕ್ಕೆ ಸಾಕು. ತೇವ ಹೀರಿದ ಬೂದಿ, ಅದನ್ನು ಡ್ರಮ್ಮಿಗೆ ಇಳಿಸುವ ಹಾಪರಿನಲ್ಲಿ ಕಮಾನು ಕಟ್ಟಿ ನಿಂತು, ಬಡಿದಾಗ ಒಮ್ಮೆಲೇ ಕುಸಿದು ಬೀಳುವುದೂ ಇದೇ ದೋಷವನ್ನು ಬಿಟ್ಟುಬಿಟ್ಟು ಉಂಟುಮಾಡುತ್ತದೆ. ತಾಸಿನ ಸರಾಸರಿ ಹರಿವು ಸರಿ ಇದ್ದರೂ ನಿಮಿಷದ ಹರಿವನ್ನು ನೋಡಿ.

ತಣಿಸುವ ಹಂತ

ಡ್ರಮ್ಮಿನಲ್ಲಿ ಎಲ್ಲವೂ ಸರಿಯಾಗಿ ನಡೆದು, ಕೂಲರಿನಲ್ಲಿ ಕೆಟ್ಟಿರುವ ಪ್ರಸಂಗಗಳು ಕಡಿಮೆಯೇನಲ್ಲ. ಹೊರಬಂದ ಬೂದಿಯ ಮೇಲ್ಮೈಗೆ ಅತಿಗೆಂಪು ಗನ್ ಹಿಡಿದು 45 ಡಿಗ್ರಿ ಎಂದು ಬರೆದುಕೊಳ್ಳುವುದು ವಾಡಿಕೆ. ಅದು ಮೇಲ್ಮೈಯ ಉಷ್ಣತೆ ಮಾತ್ರ. ಲೋಹದ ಬಕೀಟಿನಲ್ಲಿ ಬೂದಿ ಹಿಡಿದು, ಸೂಜಿಯಂಥ ಥರ್ಮೋಕಪಲ್ಲನ್ನು ಒಂದು ಗೇಣು ಒಳಗೆ ಚುಚ್ಚಿ, ಐದು ನಿಮಿಷ ಕಾದು ಓದಿ. ಮೇಲೆ 45 ತೋರಿಸಿದ ಬಕೀಟಿನ ಒಳಗೆ 130 ಇದ್ದದ್ದನ್ನು ನಾನೇ ಅಳೆದಿದ್ದೇನೆ. ಆ ಬಕೀಟಿನ ಹೊರಮೈಗೆ ಕೈಗವಸು ತಾಗಿಸಿದರೆ ಮೊದಲು ಬೆಚ್ಚಗೆ, ಹತ್ತು ನಿಮಿಷದ ನಂತರ ಮುಟ್ಟಲಾಗದಷ್ಟು ಬಿಸಿ. 130 ಡಿಗ್ರಿ ಎಂಬುದು ಡಯಾಕ್ಸಿನ್ ಕಟ್ಟೋಣದ ವಲಯಕ್ಕಿಂತ ಕೆಳಗೇ ಇದೆ ನಿಜ, ಆದರೆ ಕೂಲರು ತನ್ನ ಕೆಲಸ ಮುಗಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಹರಿವು ಒಮ್ಮೆ ಉಬ್ಬಿದರೆ 250 ಡಿಗ್ರಿಯ ಬೂದಿಯೂ ಗಾಳಿಗೆ ಬೀಳುತ್ತದೆ. ತಣಿಸುವ ನೀರಿನ ಒಳಹರಿವು, ಹೊರಹರಿವುಗಳ ಉಷ್ಣತೆಯ ಅಂತರ ಹಿಂದಿಗಿಂತ ಕಡಿಮೆಯಾಗಿದ್ದರೆ ನೀರಿನ ಕಡೆ ಗಡಸು ಪದರ ಕೂತಿದೆ, ಇಲ್ಲವೇ ಬೂದಿಯನ್ನು ಮುಂದೆ ತಳ್ಳುವ ಸ್ಕ್ರೂವಿನ ಎಲೆಗಳ ಮೇಲೆ ಬೂದಿ ಅಂಟಿದೆ. ಕೂಲರಿನೊಳಗೂ ಸಾರಜನಕ ಇರಬೇಕು ಎಂಬುದನ್ನು ಮರೆಯಬೇಡಿ.

ಬೆರಕೆಯ ದಾರಿಗಳು

ಹಸಿ ಬೂದಿ ಬೆರೆತಿರುವ ಅನುಮಾನವಿದ್ದರೆ ನೋಡಬೇಕಾದುದು ಎರಡು ಜಾಗ. ಘಟಕ ಆರಂಭಿಸುವಾಗಲೂ ನಿಲ್ಲಿಸುವಾಗಲೂ ಬರುವ ಅರೆಬೆಂದ ಬೂದಿ ಹಸಿ ಬೂದಿಯ ಹಾಪರಿಗೆ ಹಿಂದಿರುಗುತ್ತಿದೆಯೇ, ಅಥವಾ ನೇರವಾಗಿ ಸಂಸ್ಕರಿತ ಬೂದಿಯ ಗೋದಾಮಿಗೆ ಹೋಗುತ್ತಿದೆಯೇ? ಡ್ರಮ್ಮಿನಿಂದ ಹೊರಟ ಅನಿಲದ ಫಿಲ್ಟರಿನಲ್ಲಿ ಹಿಡಿದ ಧೂಳು ಎಲ್ಲಿಗೆ ಬೀಳುತ್ತದೆ? ಅದು ಸಂಸ್ಕರಿತ ಬೂದಿಯ ಕಡೆಗೆ ಬೀಳುವಂತೆ ಕೊಳವೆ ಜೋಡಿಸಿದ್ದರೆ, ಸರಿಯಾಗಿ ಬೇಯದ ನವುರಾದ ಕಣಗಳೆಲ್ಲ ಅಲ್ಲೇ ಸೇರುತ್ತವೆ.

ಈ ಘಟಕದ ತಪ್ಪಲ್ಲದ್ದು

ಸೋಸುನೀರಿನಲ್ಲಿ ಸೀಸ ಹೆಚ್ಚು ಬಂದರೆ ಡ್ರಮ್ಮನ್ನು ದೂರಬೇಡಿ. 400 ಡಿಗ್ರಿಯ ಸಂಸ್ಕರಣೆ ಡಯಾಕ್ಸಿನ್ ಕೆಡವುತ್ತದೆಯೇ ಹೊರತು ಸೀಸವನ್ನು ಕಟ್ಟಿಹಾಕುವುದಿಲ್ಲ. ಸುಣ್ಣದಿಂದ ಕ್ಷಾರತೆಯ ಪಿಎಚ್ ಅಂಕ 12 ದಾಟಿದ ಬೂದಿಯಲ್ಲಿ ಸೀಸ ತಾನಾಗಿಯೇ ನೀರಿಗೆ ಇಳಿಯುತ್ತದೆ. ಅದಕ್ಕೆ ನಂತರದ ಹಂತದಲ್ಲಿ ಲೋಹವನ್ನು ಹಿಡಿದಿಡುವ ಕೀಲೇಟ್ ರಾಸಾಯನಿಕ ಬೆರೆಸಿ ನಾದುವ ವ್ಯವಸ್ಥೆ ಇದೆ. ಪಾದರಸ ಮಾತ್ರ ಬೂದಿಯಿಂದ ಬಿಸಿಗೆ ಹೊರಟು ಅನಿಲಕ್ಕೆ ಸೇರುತ್ತದೆ. ಆದ್ದರಿಂದ ಬೂದಿಯಲ್ಲಿ ಪಾದರಸ ಕಡಿಮೆ ಬಂದರೆ ಹೊರಹೋಗುವ ಅನಿಲದ ಸಕ್ರಿಯ ಇಂಗಾಲದ ಪೆಟ್ಟಿಗೆಯನ್ನು ನೋಡಬೇಕು.

ತೆರೆಯುವ ಮುನ್ನ

ಸಾರಜನಕಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಒಂದೆರಡು ಉಸಿರಿನಲ್ಲೇ ಮನುಷ್ಯ ಕುಸಿಯುತ್ತಾನೆ. ಜಪಾನಿನ ಕಾರ್ಮಿಕ ಸುರಕ್ಷಾ ನಿಯಮ ಕೇಳುವ ಕನಿಷ್ಠ ಆಮ್ಲಜನಕ ನೂರಕ್ಕೆ 18. ಆದರೆ ಮಾಮೂಲು ಗಾಳಿಯ 21 ತಲುಪುವವರೆಗೆ ಯಾರೂ ತಲೆ ಒಳಗೆ ಇಡದಿರುವುದೇ ಸರಿ ಎಂಬುದು ನನ್ನ ನಿಲುವು. ಬೂದಿಯಲ್ಲಿ ಲೋಹರೂಪದ ಅಲ್ಯೂಮಿನಿಯಂ ಕಣಗಳು ಇರುತ್ತವೆ. ಕ್ಷಾರೀಯ ಬೂದಿಗೆ ನೀರು ತಾಗಿದರೆ ಜಲಜನಕ ಹೊರಡುತ್ತದೆ. ಹೆಪ್ಪು ಬಿಡಿಸಲು ಪೈಪಿನ ನೀರು ಹಾಯಿಸುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿ, ಒಣಗಿದ್ದಾಗಲೇ ಕೆರೆದು ತೆಗೆಯಬೇಕು. ಧೂಳಿನಿಂದ ಕಾಯುವ ಮುಖವಾಡ, ಮೈಮುಚ್ಚುವ ಉಡುಪು ಇಲ್ಲದೆ ಈ ಕೆಲಸಕ್ಕೆ ಯಾರನ್ನೂ, ಗುತ್ತಿಗೆ ಕೆಲಸಗಾರರನ್ನಂತೂ, ಕಳಿಸಬಾರದು. ಈ ಎಚ್ಚರಿಕೆ ಅತಿಯಲ್ಲ: 1998ರಲ್ಲಿ ಒಸಾಕಾ ಪ್ರಾಂತ್ಯದ ನೊಸೆ ಪಟ್ಟಣದ ಕಸ ಸುಡುವ ಸ್ಥಾವರದ ಸುತ್ತಲಿನ ಮಣ್ಣಿನಲ್ಲಿ ಅಪಾರ ಡಯಾಕ್ಸಿನ್ ಕಂಡುಬಂದ ಮೇಲೆ, 1999ರಲ್ಲಿ ಡಯಾಕ್ಸಿನ್ ನಿಯಂತ್ರಣಕ್ಕೆಂದೇ ಪ್ರತ್ಯೇಕ ಕಾನೂನು ಜಪಾನಿನಲ್ಲಿ ಬಂತು.

ಸರಿಯಾಯಿತು ಎಂದು ಹೇಳುವುದು ಯಾವಾಗ

ಒಮ್ಮೆಗೆ ಒಂದನ್ನೇ ಬದಲಿಸಿ. ಸೀಲನ್ನೂ ಉಷ್ಣತೆಯನ್ನೂ ಹರಿವನ್ನೂ ಒಂದೇ ದಿನ ಬದಲಿಸಿದರೆ ವರದಿ ಚೆನ್ನಾಗಿ ಬಂದರೂ ಕಾರಣ ತಿಳಿಯದೆ ಉಳಿಯುತ್ತದೆ, ಮುಂದಿನ ವರ್ಷ ಅದೇ ದೋಷ ಮರಳುತ್ತದೆ. ಸೀಲು ಬದಲಿಸಿದ ಮೇಲೆ ಡ್ರಮ್ಮು ಕಡೇಪಕ್ಷ ಒಂದು ಪೂರ್ಣ ದಿನ ಸ್ಥಿರವಾಗಿ ನಡೆದು, ಹಳೆಯ ಬೂದಿಯೆಲ್ಲ ಹೊರಬಂದ ನಂತರ, ಮೂಲ ಮತ್ತು ಸಂಸ್ಕರಿತ ಬೂದಿಯ ಜೋಡಿ ಮಾದರಿಗಳನ್ನು ಮೂರು ಬೇರೆ ಬೇರೆ ದಿನ ತೆಗೆಯಿರಿ. ಆ ಮೂರು ದಿನಗಳ ಆಮ್ಲಜನಕದ ಗೆರೆ, ಹೀಟರಿನ ಆಂಪಿಯರ್, ಲೀಟರ್ ಪಾತ್ರೆಯ ತೂಕ, ಬಕೀಟಿನ ಒಳಗಿನ ಉಷ್ಣತೆ, ನಾಲ್ಕನ್ನೂ ಮಾದರಿಯ ಡಬ್ಬಿಯ ಚೀಟಿಯ ಮೇಲೆಯೇ ಬರೆದು ಅಂಟಿಸಿ. ಮೂರೂ ವರದಿಗಳು ಬರುವವರೆಗೆ ಆ ಅವಧಿಯ ಬೂದಿಯನ್ನು ಬೇರೆ ಕೋಣೆಯಲ್ಲಿ, ಬಾಯಿ ಕಟ್ಟಿದ ಚೀಲಗಳಲ್ಲಿ ಇಡಬೇಕು; ಹಿಂದೆ ಮಿತಿ ಮೀರಿದ ದಿನಗಳ ಬೂದಿ ಗೋದಾಮಿನಲ್ಲಿ ಇನ್ನೂ ಇದ್ದರೆ ಅದನ್ನು ಹಸಿ ಬೂದಿಯ ಹಾಪರಿಗೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿಸಿ, ಮತ್ತೊಮ್ಮೆ ಬೇಯಿಸಬೇಕು.